ಮಹಡಿಯ ಕೌಸಲ್ಯಾ ಮತ್ತು ನನ್ನ ಒಂದು ಸುಳ್ಳು

ನಮ್ಮ ಮನೆಯ ಬಟ್ಟೆ ಕ್ಲಿಪ್ಪುಗಳು ಮಾಯವಾಗತೊಡಗಿದ್ದು ಕೌಸಲ್ಯಾ ಮಹಡಿಯ ಕೋಣೆಗೆ ಬಾಡಿಗೆಗೆ ಬಂದ ಮೊದಲ ವಾರದಲ್ಲೇ. ಒಂದು ಡಜನ್ ತಂದರೆ ತಿಂಗಳೊಳಗೆ ನಾಲ್ಕು ಉಳಿಯುತ್ತಿದ್ದವು. ಮೊದಲು ಕಾಗೆಗಳನ್ನು ಬೈದೆ. ಆಮೇಲೆ ಗಾಳಿಯನ್ನು ಬೈದೆ. ಕೊನೆಗೊಂದು ದಿನ ನೀರಿನ ಟ್ಯಾಂಕು ನೋಡಲು ಮೇಲೆ ಹತ್ತಿದಾಗ ಅವಳ ಬಾಗಿಲು ತೆರೆದಿತ್ತು. ಒಳಗೆ ಈ ಗೋಡೆಯಿಂದ ಆ ಗೋಡೆಗೆ ನೈಲಾನ್ ಹಗ್ಗ, ಹಗ್ಗದ ತುಂಬ ಕಾಗದ, ಒಂದೊಂದು ಕಾಗದಕ್ಕೂ ನನ್ನ ಒಂದೊಂದು ಕ್ಲಿಪ್ಪು.

"ಹಳದಿ ನಾಟಕದ್ದು ಮೂಕಾಂಬಿಕಕ್ಕ. ನೀಲಿ ಹೋಟೆಲು, ಅಂಗಡಿಯವರದ್ದು. ಕೆಂಪು ತಿರುವನಂತಪುರದ ಪುಸ್ತಕದ್ದು," ಎಂದು ಅವಳು ನನಗೆ ಪಾಠ ಮಾಡಿದಳು. ಸಿಕ್ಕಿಬಿದ್ದ ಕಳ್ಳಿಗೆ ಇರಬೇಕಾದ ನಾಚಿಕೆ ಅವಳ ಮುಖದಲ್ಲಿ ಎಳ್ಳಷ್ಟೂ ಇರಲಿಲ್ಲ.

"ಆ ಬಿಳಿ ಕ್ಲಿಪ್ಪಿನದ್ದು ಎಂತದು?"

"ಅದು ನಂದು."

ಬಿಳಿ ಕ್ಲಿಪ್ಪಿಗೆ ಒಂದೇ ಹಾಳೆ ಇತ್ತು. ತನ್ನದೇ ಕತೆಯೊಂದನ್ನು ಬರೆಯುತ್ತಿದ್ದಳಂತೆ. ಐದು ವರ್ಷವಾಯಿತು, ಈಗಲೂ ಅಲ್ಲಿ ಒಂದೇ ಹಾಳೆ ಇದೆ. ಉಳಿದ ಬಣ್ಣಗಳ ಹಗ್ಗ ಮಾತ್ರ ದಿನದಿನಕ್ಕೂ ಜೋತುಬೀಳುತ್ತಿದೆ.

ನನ್ನ ವಿಷಯವನ್ನೂ ಹೇಳಿಬಿಡುತ್ತೇನೆ. ಹುಟ್ಟಿದ್ದು ಕಾಸರಗೋಡಿನ ಬದಿಯಡ್ಕದಲ್ಲಿ. ಮೂವತ್ತೊಂದು ವರ್ಷ ಎರ್ನಾಕುಳಂನ ಕೋರ್ಟಿನಲ್ಲಿ ಅನುವಾದಕಿಯಾಗಿದ್ದೆ. ನಮ್ಮ ಕಡೆಯಿಂದ ಬರುವ ಕನ್ನಡದ ದಸ್ತಾವೇಜು, ಉಯಿಲು, ಸಾಕ್ಷಿಗಳ ಹೇಳಿಕೆ ಇವುಗಳನ್ನೆಲ್ಲ ಇಂಗ್ಲಿಷಿಗೆ ಮಾಡಿಕೊಡುವುದು ನನ್ನ ಕೆಲಸ. ಸಾಕ್ಷಿ ಅತ್ತ ಎಂದಿದ್ದರೆ ಅತ್ತ ಎಂದೇ ಬರೆಯಬೇಕು, ಏಕೆ ಅತ್ತಿರಬಹುದು ಎಂದು ನಾವು ಬರೆಯುವಂತಿಲ್ಲ. ಒಂದು ಮಾತು ಸೇರಿಸುವಂತಿಲ್ಲ, ಒಂದು ಮಾತು ಬಿಡುವಂತಿಲ್ಲ. ಆ ಅಭ್ಯಾಸ ಮನೆಗೂ ಬಂತು. ಯಾರಾದರೂ ಊರ ಸುದ್ದಿ ಹೇಳಲು ಬಂದರೆ "ನೀವು ಕಂಡದ್ದಾ, ಕೇಳಿದ್ದಾ?" ಎಂದು ಕೇಳುತ್ತೇನೆ. ಅದಕ್ಕೇ ತ್ರಿಪ್ಪುಣಿತ್ತುರದ ನಮ್ಮ ಓಣಿಯಲ್ಲಿ ಎಲ್ಲ ಸುದ್ದಿಯೂ ಕೊನೆಗೆ ತಲುಪುವುದು ನನಗೆ.

ನಮ್ಮವರು ಲೋಕೋಪಯೋಗಿ ಇಲಾಖೆಯಲ್ಲಿದ್ದರು. ಮೂರು ವರ್ಷದ ಹಿಂದೆ ತೀರಿಕೊಂಡರು. ಅವರ ಹೆಸರು ನಾನು ಹೇಳುವುದಿಲ್ಲ. ನಮ್ಮ ಮನೆಯಲ್ಲಿ ಹೆಂಗಸರು ಗಂಡನ ಹೆಸರನ್ನು ಬಾಯಲ್ಲಿ ಹೇಳುತ್ತಿರಲಿಲ್ಲ, ನನಗೂ ಆ ಅಭ್ಯಾಸ ತಪ್ಪಲಿಲ್ಲ. ಅರ್ಜಿಗಳಲ್ಲಿ ನೂರು ಸಲ ಬರೆದಿದ್ದೇನೆ, ಹೇಳಿಲ್ಲ. ಪಾಸ್‌ಪೋರ್ಟಿನವರು ಕೇಳಿದಾಗ ಪೆನ್ನು ಇಸಕೊಂಡು ಬರೆದು ತೋರಿಸಿದವಳು ನಾನು. ಕೋರ್ಟಿನಲ್ಲಿ ಕೆಲಸ ಮಾಡಿದವಳು ಹೀಗಾ ಎಂದು ನಗುವವರು ನಗಲಿ.

ಕೌಸಲ್ಯಾ ಮಂಜೇಶ್ವರದ ಹುಡುಗಿ. ಹುಡುಗಿ ಎಂದರೆ ಈಗ ಮೂವತ್ತಾರು. ತೃಶ್ಶೂರಿನಲ್ಲಿ ನಾಟಕ ಕಲಿತು, ಒಂದೆರಡು ತಂಡಗಳಲ್ಲಿದ್ದು, ಕಡೆಗೆ ಯಾರ ತಂಡವೂ ಬೇಡವೆಂದು ಒಬ್ಬಳೇ ಆಡುತ್ತಾಳೆ. ಹೊಟ್ಟೆಗೆ ಬರೆಯುತ್ತಾಳೆ. ಯಾರಿಗೆ ಬೇಕಾದರೂ, ಏನು ಬೇಕಾದರೂ. ಟೈಲ್ಸಿನವರಿಗೆ ನಾಲ್ಕು ಸಾಲು, ಫೋರ್ಟ್ ಕೊಚ್ಚಿಯ ಜುಬೈದಾ ಎಂಬವರ ಹೋಂಸ್ಟೇಗೆ ಒಂದು ಪುಟ, ತಿರುವನಂತಪುರದ ಒಬ್ಬ ಪ್ರಕಾಶಕರಿಗೆ ಮಕ್ಕಳ ವಿಜ್ಞಾನದ ಪುಸ್ತಕ ಮಲಯಾಳದಿಂದ ಕನ್ನಡಕ್ಕೆ. ಅವಳಿಗೆ ಕಾಲಿಡಲು ಎರಡು ದೋಣಿ ಸಾಲದು. ನಾಲ್ಕಿದ್ದರೂ ಐದನೆಯದು ಎಲ್ಲಿದೆ ಎಂದು ಕಣ್ಣು ಹಾಯಿಸುವವಳು.

ಬೆಳಗ್ಗೆ ಆರಕ್ಕೆ ಮಹಡಿಯಲ್ಲಿ ದಡಬಡ ಶುರು. ಅದು ವ್ಯಾಯಾಮ. ಏಳಕ್ಕೆ ಒಂದು ದೊಡ್ಡ ಕೂಗು. ಅದು ಗಂಟಲಿಗೆ. ಹೊಸದರಲ್ಲಿ ಎದುರು ಮನೆಯವರು ಓಡಿಬಂದು ಮೇಲಿನ ಹುಡುಗಿಗೆ ಏನಾಯಿತು ಎಂದು ಕೇಳಿದ್ದರು. ಎಂಟಕ್ಕೆ ಕೆಳಗಿಳಿದು ನನ್ನ ಅಡುಗೆಮನೆಯ ಕಟ್ಟೆಯ ಮೇಲೆ ಲ್ಯಾಪ್‌ಟಾಪ್ ತೆರೆಯುತ್ತಾಳೆ, ಮಹಡಿಗೆ ವೈಫೈ ಹತ್ತುವುದಿಲ್ಲವಂತೆ. ನಾನು ದೋಸೆ ಹೊಯ್ಯುತ್ತಾ ಅವಳು ಬರೆದದ್ದನ್ನು ಕೇಳಬೇಕು. ಕೆಂಪು ಪೆನ್ನು ಹಿಡಿದು ತಿದ್ದುವ ಕೆಲಸವೂ ನನ್ನದೇ. ನಾನು ಕೇಳಿ ಪಡೆದದ್ದಲ್ಲ, ಹೇಗೋ ತಾನಾಗಿ ಗಂಟುಬಿತ್ತು.

"ಈ ಎಣ್ಣೆ ಕೂದಲು ಬೆಳೆಸುತ್ತದೆ ಅಂತ ಬರ್ದಿದ್ದಿ. ನೀನು ಕಂಡದ್ದಾ, ಕೇಳಿದ್ದಾ?"

"ಕೇಳಿದ್ದು ಅಕ್ಕ. ಎಣ್ಣೆಯವರೇ ಹೇಳಿದ್ದು."

"ಹಾಗಾದ್ರೆ ಬೆಳೆಸುತ್ತದಂತೆ ಅಂತ ಬರಿ."

ನಮ್ಮವರು ಇದ್ದಾಗ ಈ ಮಾತಿಗೆ ಪೇಪರಿನ ಹಿಂದೆ ಮುಖ ಮುಚ್ಚಿಕೊಂಡು ನಗುತ್ತಿದ್ದರು. ಅವಳು ಮೇಲೆ ಹೊಸ ನಾಟಕ ಕಟ್ಟುವಾಗ ಮೊದಲ ಪ್ರೇಕ್ಷಕರು ಅವರೇ. ಮಹಡಿ ಮೆಟ್ಟಿಲಿನ ಕೊನೆಯಲ್ಲಿ ಕುಳಿತು, ಚಾಯ ಆರಿಸಿಕೊಳ್ಳುತ್ತಾ, ಅರ್ಥವಾದರೂ ಆಗದಿದ್ದರೂ ಒಂದೇ ಮಾತು ಹೇಳುತ್ತಿದ್ದರು: "ಲಾಯ್ಕಾಯ್ತು, ಇನ್ನೊಮ್ಮೆ ಮಾಡು."

ಸಾಲುಗಳನ್ನು ಬಾಯಿಪಾಠ ಮಾಡಲು ಅವಳಿಗೆ ಮೆಟ್ರೋ ಬೇಕು. ತ್ರಿಪ್ಪುಣಿತ್ತುರದಲ್ಲಿ ಹತ್ತಿ ಆಲುವಕ್ಕೆ, ಅಲ್ಲಿ ಇಳಿದು ಒಂದು ಚಾಯ, ಬಾಳೆಹಣ್ಣು ಕರಿದ ಒಂದು ಪಳಂಪೊರಿ, ಮತ್ತೆ ಆಲುವದಿಂದ ಈ ತುದಿಗೆ. ತಂಪಾಗಿರುತ್ತದೆ, ಯಾರೂ ಮಾತಾಡಿಸುವುದಿಲ್ಲ. ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡರೆ ಒಬ್ಬಳೇ ಗೊಣಗಿದರೂ ಅತ್ತರೂ ಜನ ಫೋನಿನಲ್ಲಿ ಇದ್ದಾಳೆ ಎಂದುಕೊಳ್ಳುತ್ತಾರೆ. ಒಮ್ಮೆ ಮಾತ್ರ ಎದುರು ಸೀಟಿನ ಹೆಂಗಸು ಕಣ್ಣೊರೆಸಿಕೊಂಡು, "ಅವನನ್ನು ಬಿಟ್ಟುಬಿಡು ಮೋಳೇ, ಒಳ್ಳೆಯವನು ಸಿಗುತ್ತಾನೆ" ಎಂದು ಇವಳ ಕೈ ಹಿಡಿದು ಸಮಾಧಾನ ಮಾಡಿದ್ದಳಂತೆ. ಅವತ್ತು ಮನೆಗೆ ಬಂದವಳ ಕಾಲು ನೆಲದ ಮೇಲಿರಲಿಲ್ಲ.

ತಿರುವನಂತಪುರಕ್ಕೆ ತಿಂಗಳಿಗೆ ಎರಡು ಸಲ ರೈಲು. ಆ ದಾರಿಯ ಸ್ಟೇಷನ್ನುಗಳೆಲ್ಲ ಅವಳಿಗೆ ಪುಟಗಳ ಲೆಕ್ಕದಲ್ಲಿ ಗೊತ್ತು. ಕೋಟ್ಟಯಂ ಬರುವಾಗ ಒಂದು ಪಾಠ ಮುಗಿದಿರಬೇಕು, ಕೊಲ್ಲಂ ಬರುವಾಗ ಮೂರು. ಕಾಯಂಕುಳಂನಲ್ಲಿ ಯಾವಾಗಲೂ ನಿದ್ದೆ ಬರುವುದರಿಂದ ಅಲ್ಲಿಗೆ ಬೀಳುವ ಪಾಠವನ್ನು ನಾನು ಹೆಚ್ಚು ಜಾಗ್ರತೆಯಿಂದ ತಿದ್ದುತ್ತೇನೆ.

ಮೊನ್ನೆಯ ಮಳೆಗಾಲದಲ್ಲಿ ಅವಳ ಕೈಯಲ್ಲಿದ್ದ ನಾಟಕಕ್ಕೆ ಹೆಸರು ಆರು ಸಲ ಬದಲಾಗಿತ್ತು. ಕೊನೆಗೆ ಅವಳ ದೀಪದವನು ಅಲ್ವಿನ್ ಕರೆಯುತ್ತಿದ್ದ ಹೆಸರೇ ನಿಂತಿತು: 'ಅಮ್ಮೂಮ್ಮ', ಎಂದರೆ ಅಜ್ಜಿ. ಅಲ್ವಿನ್ ಫೋರ್ಟ್ ಕೊಚ್ಚಿಯವನು, ಮದುವೆಗಳ ವಿಡಿಯೋ ತೆಗೆಯುವವನು, ಮದುವೆ ಇಲ್ಲದ ದಿನ ಇವಳಿಗೆ ದೀಪ. ಮಲಯಾಳದಲ್ಲಿ ಒಂದು ಗಂಟೆಯ ನಾಟಕ. ಒಬ್ಬ ಮುದುಕಿ, ಒಂದು ಮನೆ, ಒಂದು ದಿನ. ಮುದುಕಿಯ ಹತ್ತಿರ ಒಂದು ಬಟನ್ ಫೋನು ಇರುತ್ತದೆ. ಕೌಸಲ್ಯಾಳಿಗೆ ರೆಕಾರ್ಡು ಮಾಡಿದ ರಿಂಗು ಆಗದು. ರಂಗದ ಮೇಲಿನ ಫೋನಿಗೆ ನಿಜವಾಗಿ ಕರೆ ಬರಬೇಕು, ಇಲ್ಲದಿದ್ದರೆ ತನ್ನ ಕೈಗೆ ಎತ್ತಬೇಕು ಅನ್ನಿಸುವುದಿಲ್ಲ ಎನ್ನುತ್ತಾಳೆ. ಹಾಗಾಗಿ ಅಲ್ವಿನ್ ಹಿಂದೆ ಕುಳಿತು ಡಯಲ್ ಮಾಡುತ್ತಾನೆ. ಆಲುವದ ಒಂದು ಗ್ರಂಥಾಲಯದಲ್ಲಿ ಮೊದಲು ಆಡಿದಾಗ ಅವನು ಡಯಲ್ ಮಾಡುವ ಮೊದಲೇ ಜುಬೈದಾ ಕರೆ ಮಾಡಿಬಿಟ್ಟಿದ್ದರು. ಈ ಮಹಾರಾಯ್ತಿ ಕೌಸಲ್ಯಾ ಅಂಗಡಿ, ಹೋಟೆಲಿನವರಿಗೆ ಕೊಟ್ಟ ನಂಬರನ್ನೇ ನಾಟಕದ ಫೋನಿಗೂ ಹಾಕಿದ್ದಳು. ನನ್ನ ಪುಟ ಎಲ್ಲಿ ಎಂದು ಜುಬೈದಾ ಗದರಿದರೆ, ಮುದುಕಿ ನಡುಗುವ ದನಿಯಲ್ಲಿ, "ಬರೆಯುವ ಹುಡುಗಿ ನಾಡಿದ್ದು ಕೊಡುತ್ತಾಳೆ, ಫೋನ್ ಇಡು" ಎಂದಳಂತೆ. ಜನ ಚಪ್ಪಾಳೆ ಹೊಡೆದರು. ಮರುದಿನವೇ ಬೇರೆ ಸಿಮ್ ಬಂತು.

ಜೂನಿನಲ್ಲಿ ತಿರುವನಂತಪುರದಿಂದ ಸುದ್ದಿ ಬಂತು. ಒಬ್ಬರೇ ಆಡುವ ನಾಟಕಗಳ ಮೂರು ದಿನದ ಉತ್ಸವ. ಹೊಸದಾಗಿ ಕಟ್ಟಿದ ಕೊನೆಯ ದೃಶ್ಯದ ವಿಡಿಯೋ ನೋಡಿ ಇವಳನ್ನು ಆರಿಸಿದ್ದರು. ಅಲ್ಲಿ ಚೆನ್ನಾಗಿ ಆದರೆ ಹತ್ತು ಊರುಗಳಲ್ಲಿ ಆಡಿಸುವವರು ಬಂದು ನೋಡುತ್ತಾರೆ. ಹದಿನಾಲ್ಕು ವರ್ಷದಿಂದ ಬರುತ್ತದೆ ಬರುತ್ತದೆ ಎಂದು ಕಾದ ಅವಕಾಶ. ಅವಳು ನನ್ನನ್ನು ಎತ್ತಿ ಒಂದು ಸುತ್ತು ತಿರುಗಿಸಿದಳು. ಅರವತ್ತೇಳರ ಹೆಂಗಸನ್ನು ಹಾಗೆಲ್ಲ ಎತ್ತಬಾರದು ಎಂದು ಬೈದೆ, ಆದರೆ ಖುಷಿಯಾಗಿತ್ತು.

ಇನ್ನು ನನ್ನ ತಪ್ಪು. ಆ ವಾರ ಬಿಡದೆ ಮಳೆ. ಒಳಗಿನ ಹಗ್ಗಕ್ಕೆ ಬಟ್ಟೆ ಹಾಕಲು ಕ್ಲಿಪ್ಪು ಇರಲಿಲ್ಲ. ಅವಳು ಹೊರಗೆ ಹೋಗಿದ್ದಳು. ನನ್ನದೇ ಕ್ಲಿಪ್ಪು ತಾನೇ ಎಂದು ಮೇಲೆ ಹೋಗಿ ಹಳದಿ, ನೀಲಿ ಎನ್ನದೆ ಐದಾರು ಕಿತ್ತುಕೊಂಡೆ, ಅವುಗಳ ಕಾಗದವನ್ನೆಲ್ಲ ಒಟ್ಟು ಮಾಡಿ ಒಂದೇ ನೀಲಿ ಕ್ಲಿಪ್ಪಿಗೆ ಸಿಕ್ಕಿಸಿ ಬಂದೆ. ಮರುದಿನ ಅವಳು ಓಡುವ ಅವಸರದಲ್ಲಿ ಆ ನೀಲಿ ಕಟ್ಟನ್ನು ನನ್ನ ಮುಂದೆ ಇಟ್ಟು, "ಜುಬೈದಾತ್ತನ ಹೋಂಸ್ಟೇಯ ಪುಟ, ಒಮ್ಮೆ ನೋಡಿ ಅಕ್ಕ" ಎಂದು ಮೆಟ್ರೋಗೆ ಹೋದಳು. ಕೆಂಪು ಪೆನ್ನು ತೆಗೆದು ಕುಳಿತೆ. ಮೊದಲ ಹಾಳೆಯಲ್ಲಿ ಸಮುದ್ರ, ಮೀನು, ಹಳೆಯ ಕಿಟಕಿ. ಎರಡನೆಯ ಹಾಳೆಯಲ್ಲಿ ನಾನು.

'ಫೋನ್ ರಿಂಗಾಗುತ್ತದೆ. ಮುದುಕಿ ಎತ್ತುತ್ತಾಳೆ. ಆ ಕಡೆಯವರು ಅವಳ ಗಂಡನನ್ನು ಕೇಳುತ್ತಾರೆ. ಮುದುಕಿ: ಅವರು ಸ್ನಾನಕ್ಕೆ ಹೋಗಿದ್ದಾರೆ, ಆಮೇಲೆ ಮಾಡಿ. ಫೋನ್ ಇಡುತ್ತಾಳೆ. ಹಗ್ಗದಿಂದ ಗಂಡನ ಮೈಯೊರೆಸುವ ತೋರ್ತನ್ನು ತೆಗೆಯುತ್ತಾಳೆ. ಅದು ಒಣಗಿಯೇ ಇದೆ. ಮಡಿಸಿ ಒಳಗಿಡುತ್ತಾಳೆ. ಕತ್ತಲೆ.'

ನಾಟಕವಿಡೀ ಮುದುಕಿ ಒಳಗಿರುವ ಗಂಡನನ್ನು ಬೈಯುತ್ತಲೇ ಇರುತ್ತಾಳಂತೆ. ಆ ಒಣ ತೋರ್ತು ನೋಡಿದಾಗ ಮಾತ್ರ ಜನರಿಗೆ ತಿಳಿಯಬೇಕು, ಒಳಗೆ ಯಾರೂ ಇಲ್ಲವೆಂದು.

ತೋರ್ತು ನನ್ನದಲ್ಲ, ಅದನ್ನು ಅವಳು ಸೇರಿಸಿದ್ದು. ಮಾತು ನನ್ನದು. ನಮ್ಮವರ ಮೊಬೈಲನ್ನು ನಾನು ಮೂರು ವರ್ಷದಿಂದ ಚಾರ್ಜಿಗೆ ಇಡುತ್ತೇನೆ, ರೀಚಾರ್ಜು ಮಾಡಿಸುತ್ತೇನೆ. ಯಾರೋ ಒಬ್ಬರು ಅವರನ್ನು ಕೇಳಿ ಕರೆ ಮಾಡುತ್ತಾರೆ. ವಿಮೆಯವರು, ಪ್ಯೂರಿಫೈಯರಿನವರು. ಮೊದಲ ಸಲ ಹಾಗೆ ಕರೆ ಬಂದಾಗ, ಮೂವತ್ತೊಂದು ವರ್ಷ ಒಂದಕ್ಷರ ಆಚೀಚೆ ಮಾಡದ ಈ ಬಾಯಿ, "ಮೀಯಲಿಕ್ಕೆ ಹೋಗಿದ್ದಾರೆ" ಎಂದುಬಿಟ್ಟಿತು. ಆ ಕಡೆಯವರು ಆಯ್ತು ಎಂದು ಫೋನಿಟ್ಟರು. ಅವರು ನಂಬಿದರಲ್ಲ, ಆ ಒಂದು ಕ್ಷಣ ಬಚ್ಚಲಿನ ಕಡೆ ನೀರಿನ ಸದ್ದು ಕೇಳಿದಂತಾಯಿತು. ಆಮೇಲೆ ಪ್ರತಿ ಸಲವೂ ಹಾಗೇ ಹೇಳಿದೆ. ಇದು ನನ್ನ ಬಿಟ್ಟು ಯಾರಿಗೂ ಗೊತ್ತಿಲ್ಲ ಎಂದುಕೊಂಡಿದ್ದೆ.

ಸಂಜೆ ಅವಳು ಬಂದಾಗ ಆ ಹಾಳೆ ಮೇಜಿನ ಮೇಲೆ ಒಂದೇ ಇತ್ತು.

"ಇದು ಎಂತದು?"

ನೋಡಿದಳು. ಚೀಲ ಹೆಗಲಲ್ಲೇ ಉಳಿಯಿತು.

"ನಿಮ್ಮ ಹತ್ರ ಕೇಳ್ಬೇಕು ಅಂತ ಇತ್ತು ಅಕ್ಕ. ಧೈರ್ಯ ಬರ್ಲಿಲ್ಲ."

"ಧೈರ್ಯ ಬಾರದವಳಿಗೆ ಬರೀಲಿಕ್ಕೆ ಬಂತಾ? ಇದು ನನ್ನ ಮನೆಯೊಳಗಿನ ಮಾತು. ಮೆಟ್ಟಿಲಲ್ಲಿ ನಿಂತು ಕದ್ದು ಕೇಳಿ ಇಡೀ ಊರಿಗೆ ಹೇಳ್ಲಿಕ್ಕೆ ಹೊರಟಿದ್ದಿಯಾ? ಟಿಕೆಟು ಇಟ್ಟು?"

"ತೆಗೀತೇನೆ ಅಕ್ಕ."

"ಎಂತ?"

"ತೆಗೀತೇನೆ. ಆ ಮಾತು ಇನ್ನು ಇಲ್ಲ."

ಅಲ್ಲೇ ನಿಂತು ನನ್ನ ಕೆಂಪು ಪೆನ್ನಿನಲ್ಲೇ ಆ ಸಾಲನ್ನು ಹೊಡೆದುಹಾಕಿದಳು. ಮೇಲೆ ಹೋದಳು. ನನಗೆ ಇನ್ನೂ ಜಗಳ ಬಾಕಿ ಇತ್ತು. ಅವಳು ವಾದಿಸಿದ್ದರೆ, ಅತ್ತಿದ್ದರೆ, ಕೈ ಮುಗಿದಿದ್ದರೆ ನಾನು ಆಗದು ಎಂದು ಹೇಳಿ ನೆಮ್ಮದಿಯಾಗಿ ಮಲಗುತ್ತಿದ್ದೆ. ಹೀಗೆ ಸುಮ್ಮನೆ ಒಪ್ಪಿಕೊಂಡವರ ಜೊತೆ ಏನು ಜಗಳ ಆಡುವುದು?

ಅಲ್ಲಿಂದ ಎಂಟು ದಿನ ಮಹಡಿಯಲ್ಲಿ ಅವಳು ನಾಟಕಕ್ಕೆ ಬೇರೆ ಕೊನೆ ಹುಡುಕಿದಳು. ನಡೆಯುವ ಸದ್ದು ಕೇಳಿಸುತ್ತಿತ್ತು, ಮಾತು ಕೇಳಿಸುತ್ತಿರಲಿಲ್ಲ. ಬೆಳಗ್ಗೆ ಅಡುಗೆಮನೆಗೆ ಬಂದು ಟೈಲ್ಸು, ಎಣ್ಣೆ, ಪಾಠ ಎಲ್ಲವನ್ನೂ ಮುಂಚಿನಂತೆಯೇ ಓದಿ ಹೇಳುತ್ತಿದ್ದಳು, ನಾನು ಮುಂಚಿನಂತೆಯೇ ತಿದ್ದುತ್ತಿದ್ದೆ. ನಾಟಕದ ಸುದ್ದಿ ಇಬ್ಬರೂ ಎತ್ತಲಿಲ್ಲ. ಒಂದು ದಿನ ಮಧ್ಯಾಹ್ನ ಅಲ್ವಿನ್ ಬಂದಿದ್ದ. ಅವನ ದನಿ ದೊಡ್ಡದು, ಮೆಟ್ಟಿಲಿಳಿದು ಬರುತ್ತಿತ್ತು. ಕೌಸಲ್ಯಾ ಅವನಿಗೆ ಚೇಚಿ, ಎಂದರೆ ಅಕ್ಕ.

"ರಾಂಗ್ ನಂಬರ್ ಅಂತ ಫೋನ್ ಇಟ್ಟರೆ ಏನು ಚೇಚಿ ಅದು? ತೋರ್ತು ಯಾಕೆ ಒಣಗಿದೆ ಅಂತ ಯಾರಿಗೆ ಗೊತ್ತಾಗುತ್ತದೆ? ನಾಟಕದ ಬೆನ್ನುಮೂಳೆ ತೆಗೆದುಬಿಟ್ಟಿರಿ. ಅವರು ಆರಿಸಿದ್ದೇ ಆ ಒಂದು ಮಾತು ನೋಡಿ."

"ಗೊತ್ತು."

"ಮತ್ತೆ ಯಾಕೆ ತೆಗೆದದ್ದು?"

"ಅದು ನನ್ನದಲ್ಲ ಅಲ್ವಿನ್."

"ಮತ್ತೆ ಯಾರದ್ದು?"

ಅವನು ಮೂರು ಸಲ ಕೇಳಿದ. ನಾನು ಕೆಳಗೆ ಒಗ್ಗರಣೆಗೆ ಸಾಸಿವೆ ಹಾಕಿ ಮರೆತು ನಿಂತಿದ್ದೆ, ಅದು ಕರಕಲಾಯಿತು. ಅವಳು ಮೂರನೆಯ ಸಲವೂ ಹೇಳಲಿಲ್ಲ.

ಅಲ್ವಿನ್ ಹೋಗುವಾಗ ನನ್ನ ಬಾಗಿಲಿಗೆ ಬಂದ. ತಿರುವನಂತಪುರದ ಆ ರಂಗಮಂದಿರದಲ್ಲಿ ಹನ್ನೆರಡು ದೀಪ, ತನಗೆ ಎರಡೂ ಕೈ ಬೇಕು, ಫೋನ್ ಡಯಲ್ ಮಾಡಲು ಆಗದು. ಪರದೆಯ ಮರೆಯಲ್ಲಿ ಕುಳಿತು ಒಂದು ಕರೆ ಮಾಡಲು ಯಾರಾದರೂ ಬೇಕು, ಆಂಟಿ ಬರಬಹುದೇ ಎಂದು ಕೇಳಿದ. ಕೌಸಲ್ಯಾ ಮೇಲಿನಿಂದಲೇ, "ಅವರನ್ನು ಕೇಳಬೇಡ ಮಾರಾಯ" ಎಂದು ಕೂಗಿದಳು. ಅವಳು ಬೇಡ ಎಂದದ್ದಕ್ಕೇ ನಾನು ಬರುತ್ತೇನೆ ಎಂದೆ.

ಬೆಳಗಿನ ರೈಲಿನಲ್ಲಿ ಹೊರಟೆವು. ಅಲ್ವಿನ್ ಹಿಂದಿನ ದಿನವೇ ಹೋಗಿದ್ದ. ಅವಳು ಕಿಟಕಿಯ ಪಕ್ಕ, ನಾನು ಎದುರು. ನಾಟಕದ ದಿನವೂ ತೊಡೆಯ ಮೇಲೆ ಕೆಂಪು ಕ್ಲಿಪ್ಪಿನ ಪಾಠ. ಪ್ರಕಾಶಕರಿಗೆ ಮಧ್ಯಾಹ್ನದೊಳಗೆ ಕೊಡಬೇಕಂತೆ. ಕಪ್ಪೆಯ ಜೀವನಚಕ್ರ. ಚಂಗನಾಶ್ಶೇರಿ ದಾಟುವಾಗ ನನ್ನ ಚೀಲದಲ್ಲಿ ನಮ್ಮವರ ಫೋನು ರಿಂಗಾಯಿತು. ಅದನ್ನು ಮನೆಯಲ್ಲಿ ಬಿಟ್ಟುಹೋಗುವ ಅಭ್ಯಾಸ ನನಗಿಲ್ಲ, ಸಂಜೆ ದೇವಸ್ಥಾನಕ್ಕೆ ಮಾತ್ರ ಒಯ್ಯುವುದಿಲ್ಲ.

ಪ್ಯೂರಿಫೈಯರಿನ ಹುಡುಗಿ. ಸಾರ್ ಇದ್ದಾರಾ ಎಂದು ಮಲಯಾಳದಲ್ಲಿ ಕೇಳಿದಳು. ಎದುರಿಗೆ ಕೌಸಲ್ಯಾ ಕಪ್ಪೆಯನ್ನೇ ನೋಡುತ್ತಾ ಕುಳಿತಿದ್ದಳು. ಅವಳೆದುರು ನನ್ನ ಆ ಸ್ನಾನದ ಮಾತು ಬರಲಿಲ್ಲ. ಇಲ್ಲ ಎಂದಷ್ಟೇ ಹೇಳಿದೆ.

"ಪರವಾಗಿಲ್ಲ ಮೇಡಂ. ಹೋದ ತಿಂಗಳು ಮಾಡಿದಾಗ ನಿಮ್ಮ ಮಗಳು ಎತ್ತಿದ್ದರು, ಸಾರ್ ಸ್ನಾನಕ್ಕೆ ಹೋಗಿದ್ದಾರೆ ಎಂದರು. ವಿಷು ಹಬ್ಬದ ಹೊತ್ತಿಗೆ ಮಾಡಿದಾಗಲೂ ಅವರೇ, ಆವತ್ತೂ ಸ್ನಾನ!" ಎಂದು ಆ ಹುಡುಗಿ ನಕ್ಕಳು. "ಸಾರ್‌ಗೆ ಸ್ನಾನ ಮುಗಿದ ಮೇಲೆ ಒಂದು ಕರೆ ಮಾಡಲು ಹೇಳಿ."

ಫೋನನ್ನು ಮಡಿಲಲ್ಲಿಟ್ಟುಕೊಂಡೆ. ನಮಗೆ ಮಗಳಿಲ್ಲ.

"ನಾನು ದೇವಸ್ಥಾನಕ್ಕೆ ಹೋದಾಗ ಈ ಫೋನು ನೀನು ಎತ್ತಿದ್ದಾ?"

ಅವಳು ತಲೆ ಎತ್ತಲಿಲ್ಲ. "ಎರಡು ಮೂರು ಸಲ."

"ಯಾಕೆ ಹಾಗೆ ಹೇಳಿದ್ದಿ?"

"ನೀವು ಹಾಗೆ ಹೇಳುದಲ್ವಾ ಅಕ್ಕ. ನಾನು ಬೇರೆ ಎಂತಾದ್ರೂ ಹೇಳಿದ್ರೆ, ಮತ್ತೊಂದು ಸಲ ಅವರು ನಿಮ್ಮ ಹತ್ರ ಪಾಪ ಅಂತ ಮಾತಾಡ್ಲಿಕ್ಕೆ ಶುರು ಮಾಡ್ತಿದ್ರು." ಹಾಳೆಯ ಮೂಲೆ ಮಡಿಸುತ್ತಾ ಹೇಳಿದಳು, "ಮತ್ತೆ ನಂಗೂ ಬಾಯಿ ಬರ್ಲಿಲ್ಲ. ಸಾರ್ ಇಲ್ಲ ಅಂತ ಹೇಳ್ಲಿಕ್ಕೆ."

ಕೋರ್ಟಿನಲ್ಲಿ ಇಬ್ಬರು ಸಾಕ್ಷಿಗಳ ಹೇಳಿಕೆ ಅಕ್ಷರಕ್ಕೆ ಅಕ್ಷರ ಒಂದೇ ಆದರೆ ಹೇಳಿಕೊಟ್ಟದ್ದು ಎಂದು ಸಂಶಯ ಪಡುತ್ತಾರೆ. ಇವಳಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ನಾನು ಕಳ್ಳಿ ಎಂದು ಬೈದದ್ದು ಯಾರನ್ನು? ನನ್ನ ಮಾತನ್ನು ಕದ್ದಳು ಎಂದುಕೊಂಡಿದ್ದೆ, ಅವಳು ಅದನ್ನು ನನಗೋಸ್ಕರ ಕಾಯುತ್ತಿದ್ದಳು. ಆಗಲೇ, ಆ ರೈಲಿನಲ್ಲೇ, ಆ ಸಾಲನ್ನು ಇಟ್ಟುಕೋ ಮಾರಾಯ್ತಿ ಎಂದು ಹೇಳಿಬಿಡಬಹುದಿತ್ತು. ಹೇಳಬೇಕೆಂದು ಬಾಯಿ ತೆರೆದೆ. ಬಂದದ್ದು ಬೇರೆ ಮಾತು.

"ಕಪ್ಪೆ ಮುಗೀತಾ?"

"ಬಾಲ ಬಿದ್ದಿದೆ ಅಕ್ಕ. ಇನ್ನು ಸ್ವಲ್ಪವೇ ಉಂಟು."

ಕಾಯಂಕುಳಂನಲ್ಲಿ ಅವಳು ಎಂದಿನಂತೆ ನಿದ್ದೆ ಹೋದಳು. ಅವಳ ತೊಡೆಯಿಂದ ಹಾಳೆ ತೆಗೆದು ನಾನೇ ಕೊನೆಯ ನಾಲ್ಕು ಸಾಲು ಅನುವಾದ ಮಾಡಿ ಮತ್ತೆ ಅಲ್ಲೇ ಇಟ್ಟೆ.

ಆಟ ಸಂಜೆ ಆರೂವರೆಗೆ. ಅಲ್ವಿನ್ ನನ್ನನ್ನು ರಂಗದ ಎಡಬದಿಯ ಕಪ್ಪು ಪರದೆಯ ಹಿಂದೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿದ. ನೀಲಿ ದೀಪ ಬಂದ ಮೇಲೆ ಐದು ಎಣಿಸಿ ಡಯಲ್ ಮಾಡಬೇಕು, ಚೇಚಿ ಫೋನ್ ಎತ್ತಿ ರಾಂಗ್ ನಂಬರ್ ಎಂದ ಕೂಡಲೇ ಕಟ್ ಮಾಡಬೇಕು, ನೀವು ಏನೂ ಮಾತಾಡಬೇಕಾಗಿಲ್ಲ ಎಂದು ಎರಡೆರಡು ಸಲ ಹೇಳಿದ. ಪರದೆಯ ಸಂದಿಯಿಂದ ನೋಡಿದೆ, ಕುರ್ಚಿಗಳು ತುಂಬಿ ಕೆಲವರು ಗೋಡೆಗೆ ಒರಗಿದ್ದರು. ಮುಂದಿನ ಸಾಲಿನಲ್ಲಿ ನೋಟ್‌ಬುಕ್ ಹಿಡಿದ ಮೂವರು. ಹತ್ತು ಊರುಗಳ ಮಾತು ಅವರ ಕೈಯಲ್ಲಿತ್ತು.

ನಾಟಕ ಶುರುವಾಯಿತು. ಮೆಟ್ಟಿಲಿನಿಂದ ಕೇಳುವುದು ಬೇರೆ, ನೋಡುವುದು ಬೇರೆ. ಮುಖಕ್ಕೆ ಬಣ್ಣವಿಲ್ಲ, ತಲೆಗೆ ಬಿಳಿ ಕೂದಲಿಲ್ಲ, ಸುಮ್ಮನೆ ಸೊಂಟ ಒಂದು ಬೆರಳಿನಷ್ಟು ಬಗ್ಗಿಸಿ ಅರವತ್ತೇಳಾಗಿಬಿಟ್ಟಳು. ಗ್ಯಾಸ್ ಸಿಲಿಂಡರಿಗೆ ಗೆಣ್ಣಿನಿಂದ ಕುಟ್ಟಿ ಎಷ್ಟು ಉಳಿದಿದೆ ಎಂದು ಕಿವಿಗೊಟ್ಟಳು. ಅದು ನಾನು. ಪೇಪರನ್ನು ಹರಡಿ ಹೋಗಿದ್ದಕ್ಕೆ ಒಳಗಿನ ಗಂಡನನ್ನು ಬೈದಳು. ಅದೂ ನಾನು. ಪಕ್ಕದ ಮನೆಯವಳು ಸುದ್ದಿ ತಂದರೆ ನೀನು ಕಂಡದ್ದಾ ಕೇಳಿದ್ದಾ ಎಂದು ಬಾಗಿಲಲ್ಲೇ ನಿಲ್ಲಿಸಿದಳು, ಜನ ಗೊಳ್ಳೆಂದು ನಕ್ಕರು. ಕತ್ತಲಲ್ಲಿ ಕುಳಿತು ನಾನೂ ನಕ್ಕೆ. ನನಗೆ ಸಿಟ್ಟು ಬರಬೇಕಿತ್ತು, ಬರಲಿಲ್ಲ. ಇಷ್ಟು ಪ್ರೀತಿಯಿಂದ ನನ್ನನ್ನು ಯಾರೂ ನೋಡಿರಲಿಲ್ಲ, ನಮ್ಮವರನ್ನು ಬಿಟ್ಟರೆ.

ನೀಲಿ ದೀಪ ಬಂತು. ಐದು ಎಣಿಸಿದೆ. ಡಯಲ್ ಮಾಡಿದೆ.

ರಂಗದ ಮೇಲೆ ಬಟನ್ ಫೋನು ಕಿರುಚಿತು. ಅವಳು ಒದ್ದೆ ಕೈಯನ್ನು ಸೀರೆಗೆ ಒರೆಸಿಕೊಂಡು ಎತ್ತಿ, ಹಲೋ ಎಂದಳು. ಅವಳ ದನಿ ರಂಗದಿಂದಲೂ ಬಂತು, ನನ್ನ ಕಿವಿಯೊಳಗಿಂದಲೂ ಬಂತು. ಇನ್ನು ಅವಳು ರಾಂಗ್ ನಂಬರ್ ಎನ್ನಬೇಕು. ನಾನು ಕಟ್ ಮಾಡಬೇಕು. ಅವಳು ಉಸಿರೆಳೆದುಕೊಂಡದ್ದು ಕೇಳಿಸಿತು.

"ಶಂಭು ಸಾರ್ ಇದ್ದಾರಾ?" ಎಂದೆ.

ಮದುವೆಯಾದ ನಲವತ್ತೆರಡು ವರ್ಷದಲ್ಲಿ ಆ ಹೆಸರು ನನ್ನ ಬಾಯಿಂದ ಬಂದದ್ದು ಅದೇ ಮೊದಲು. ಪಿಸುದನಿಯಲ್ಲಿ ಹೇಳಿದ್ದೆ, ಫೋನಿನ ಆ ತುದಿಗಲ್ಲದೆ ಇನ್ನಾರಿಗೂ ಕೇಳಿಸುವಂತಿರಲಿಲ್ಲ. ಕೌಸಲ್ಯಾ ಅಲುಗಲಿಲ್ಲ. ಪರದೆಯ ಕಡೆ ತಿರುಗಿ ನೋಡಲೂ ಇಲ್ಲ, ಅಷ್ಟು ಒಳ್ಳೆಯ ನಟಿ ಅವಳು. ಆದರೆ ಫೋನು ಹಿಡಿದ ಕೈಯ ಬೆರಳುಗಳು ಬೆಳ್ಳಗಾದದ್ದನ್ನು ನಾನು ಕಂಡೆ. ಕೇಳಿದ್ದಲ್ಲ, ಕಂಡದ್ದು. ಇಡೀ ಮಂದಿರ ಕಾಯುತ್ತಿತ್ತು. ಅಲ್ವಿನ್ ದೀಪ ಬದಲಿಸಲು ಎತ್ತಿದ ಕೈಯನ್ನು ಹಾಗೇ ತಡೆದುಕೊಂಡಿದ್ದನಂತೆ.

"ಅವರು ಸ್ನಾನಕ್ಕೆ ಹೋಗಿದ್ದಾರೆ," ಎಂದಳು ಮಲಯಾಳದಲ್ಲಿ. ನಾನು ಹೇಳುವ ಹಾಗೆಯೇ, ಏನೂ ಆಗದವರ ಹಾಗೆ. "ಆಮೇಲೆ ಮಾಡಿ."

"ಆಯ್ತು. ಬಂದ ಮೇಲೆ ಹೇಳು, ನಾನು ಕೇಳಿದೆ ಅಂತ."

"ಹೇಳ್ತೇನೆ," ಎಂದಳು. ಆ ಒಂದು ಮಾತು ಮಾತ್ರ ಕನ್ನಡದಲ್ಲಿ ಬಂತು.

ಮೂರು ವರ್ಷದಿಂದ ನಾನು ಆ ಸುಳ್ಳು ಹೇಳಿದಾಗಲೆಲ್ಲ ಆ ಕಡೆಯವರು ಮೊದಲು ಫೋನ್ ಇಡುತ್ತಿದ್ದರು. ಈ ಸಲ ಆ ಕಡೆಯವಳು ನಾನೇ. ಅವಳು ನಾನು ಇಡುವುದನ್ನೇ ಕಾಯುತ್ತಾ, ಫೋನನ್ನು ಕಿವಿಗೆ ಒತ್ತಿಕೊಂಡು ನಿಂತಿದ್ದಳು. ಇಟ್ಟೆ.